ಅನಾಪೊಲಿಸ್: ತಲೆಬಾಗಿಲು ನೀರಿನ ಕಡೆಗೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನಾಪೊಲಿಸ್. ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿರಬಹುದು. ವಾಷಿಂಗ್ಟನ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಾನೂ ಮೊದಲ ಸಲ ಹಾಗೇ ಹೋಗಿ, ಮಧ್ಯಾಹ್ನ ಸುತ್ತಾಡಿ, ಸಂಜೆ ವಾಪಸ್ ಬಂದಿದ್ದೆ. ಚೆಂದದ ಹಳೇ ಊರು ಅನ್ನಿಸಿತ್ತು, ಅಷ್ಟೇ. ಎರಡನೇ ಸಲ ಗೆಳೆಯರ ಹಾಯಿದೋಣಿಯಲ್ಲಿ ಹೋದೆ. ಒಂದು ರಾತ್ರಿ ತಂಗೋಣ ಅಂತ ಹೋದವರು ಮೂರು ರಾತ್ರಿ ಉಳಿದೆವು. ರಸ್ತೆಯಲ್ಲಿ ಬಂದವರು ಆ ಊರನ್ನು ಹಿತ್ತಿಲ ಬಾಗಿಲಿನಿಂದ ಹೊಕ್ಕಂತೆ ಅಂತ ನನಗೆ ಗೊತ್ತಾಗಿದ್ದು ಆಗ. ಅದರ ತಲೆಬಾಗಿಲು ಇರುವುದು ನೀರಿನ ಕಡೆಗೆ.

ಅನಾಪೊಲಿಸ್ ಇರುವುದು ಸೆವರ್ನ್ ನದಿ ಚೆಸಪೀಕ್ ಕೊಲ್ಲಿಗೆ ಸೇರುವ ಕಡೆ. ಈ ಕೊಲ್ಲಿ ನಿಜಕ್ಕೂ ಒಂದು ದೊಡ್ಡ ಅಳಿವೆ, ಅಂದರೆ ನದಿ ನೀರು ಕಡಲ ನೀರಿಗೆ ಬೆರೆಯುವ ಜಾಗ. ಉದ್ದ ಸುಮಾರು 320 ಕಿಲೋಮೀಟರ್, ಸರಾಸರಿ ಆಳ ಮಾತ್ರ ಆರೇಳು ಮೀಟರ್. ಅನಾಪೊಲಿಸ್ ಹತ್ತಿರ ಉಬ್ಬರ ಇಳಿತದ ವ್ಯತ್ಯಾಸ ಒಂದಡಿಯ ಆಸುಪಾಸು. ಹಾಗಾಗಿ ಉಬ್ಬರಕ್ಕಾಗಿ ಕಾಯುವ ತಲೆನೋವಿಲ್ಲ. ಬೇಸಿಗೆಯ ಸಂಜೆ ಪಶ್ಚಿಮದಿಂದ ಏಳುವ ಗುಡುಗುಮಳೆಯ ಮೇಲೆ ಮಾತ್ರ ಒಂದು ಕಣ್ಣಿಟ್ಟಿರಬೇಕು.

ನಾವು ದಕ್ಷಿಣದಿಂದ ಬಂದೆವು. ಮೊದಲು ಸಿಕ್ಕಿದ್ದು ಥಾಮಸ್ ಪಾಯಿಂಟ್ ದೀಪಸ್ತಂಭ. 1875ರದ್ದು. ಸ್ತಂಭ ಅನ್ನುವುದಕ್ಕಿಂತ ಮನೆ ಅನ್ನಬೇಕು. ಆರು ಮೂಲೆಯ ಮರದ ಮನೆ, ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. ಆ ಕಾಲುಗಳನ್ನು ತಿರುಪಿನಂತೆ ಕೆಸರಿನೊಳಗೆ ತಿರುಗಿಸಿ ಇಳಿಸಿದ್ದಾರೆ. ಮೆತ್ತನೆ ನೆಲದಲ್ಲಿ ಕಲ್ಲಿನ ಗೋಪುರ ಕುಸಿದೀತು, ಅದಕ್ಕೆ ಈ ಉಪಾಯ.

ಬಂದರಿನ ದಾರಿ ಹಿಡಿದಾಗ ದೋಣಿಗಳಿಗೆ ದಾರಿ ತೋರಿಸಲು ನೀರಿನಲ್ಲಿಟ್ಟ ಗುರುತುಗಳನ್ನು ಗಮನಿಸಿ. ಅಮೆರಿಕದಲ್ಲಿ ಒಳಗೆ ಬರುವಾಗ ಕೆಂಪು ಗುರುತು ಬಲಕ್ಕಿರಬೇಕು. ಯುರೋಪಿನಲ್ಲಿ, ಭಾರತದಲ್ಲಿ ಇದು ತದ್ವಿರುದ್ಧ. ಬೇರೆ ಕಡೆ ದೋಣಿ ನಡೆಸಿ ಕಲಿತವರಿಗೆ ಇಲ್ಲಿ ಕೈ ತಾನಾಗಿ ತಪ್ಪು ಕಡೆಗೆ ತಿರುಗುತ್ತದೆ. ನಿಧಾನವಾಗಿ ಬನ್ನಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಮುಂದೆ ಕಾಣುವ ನೋಟ. ಬಲಕ್ಕೆ 1845ರಲ್ಲಿ ಶುರುವಾದ ಅಮೆರಿಕದ ನೌಕಾ ಅಕಾಡೆಮಿಯ ಉದ್ದನೆ ತಡೆಗೋಡೆ. ಎದುರಿಗೆ ದಿಬ್ಬದ ಮೇಲೆ ಸ್ಟೇಟ್ ಹೌಸ್‌ನ, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡದ, ಗುಮ್ಮಟ. ಅದು ಅಲ್ಲಿರುವುದು ಸುಮ್ನೆ ಅಲ್ಲ. 1690ರ ದಶಕದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದಾಗ ಗವರ್ನರ್ ಫ್ರಾನ್ಸಿಸ್ ನಿಕೋಲ್ಸನ್ ಎತ್ತರದ ಜಾಗದಲ್ಲಿ ಎರಡು ವೃತ್ತ ಗುರುತಿಸಿದ. ಒಂದು ಸರ್ಕಾರಕ್ಕೆ, ಒಂದು ಚರ್ಚಿಗೆ. ಬೀದಿಗಳು ಅಲ್ಲಿಂದ ಕಿರಣಗಳ ಹಾಗೆ ಹೊರಡುತ್ತವೆ. ಮೇನ್ ಸ್ಟ್ರೀಟ್ ಚರ್ಚಿನ ವೃತ್ತದಿಂದ ಇಳಿದು ನೇರ ದೋಣಿ ನಿಲ್ಲುವ ಧಕ್ಕೆಗೆ ಬರುತ್ತದೆ. ಕಾರಿನಲ್ಲಿ ಹೋದಾಗ ಈ ವೃತ್ತಗಳಲ್ಲಿ ದಾರಿ ತಪ್ಪಿ ಬೇಸರಪಟ್ಟಿದ್ದೆ. ನೀರಿನಲ್ಲಿ ಕೂತು ನೋಡಿದರೆ ಎಲ್ಲ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ತಂಗಲು ಊರಿನವರೇ ಮೂರಿಂಗ್ ಹಾಕಿಟ್ಟಿದ್ದಾರೆ. ನೀರಿನ ತಳಕ್ಕೆ ಭದ್ರ ಮಾಡಿದ ತೇಲುಗುಂಡುಗಳು. ಗಾಳಿಗೆ ಎದುರಾಗಿ ಮೆಲ್ಲಗೆ ಬಂದು, ಕೊಕ್ಕೆಕೋಲಿನಿಂದ ಅದರ ಹಗ್ಗ ಎತ್ತಿಕೊಂಡು ದೋಣಿಯ ಮೂತಿಗೆ ಕಟ್ಟಿದರಾಯಿತು. ಅಕಾಡೆಮಿ ಎದುರಿನ ಜಾಗದಲ್ಲಿ ನೋಟ ಚೆನ್ನಾಗಿದೆ, ಆದರೆ ಹೋಗಿ ಬರುವ ದೋಣಿಗಳ ಅಲೆಗೆ ತೂಗಾಟ ಜಾಸ್ತಿ. ನಿದ್ದೆ ಬೇಕೆಂದರೆ ಸೇತುವೆ ದಾಟಿ ಸ್ಪಾ ಕ್ರೀಕ್ ಎಂಬ ಕಿರಿದಾದ ಹಿನ್ನೀರಿನ ಒಳಗೆ ಹೋಗಿ.

ಆ ಸೇತುವೆ ಎತ್ತುವ ಸೇತುವೆ. ಒಂದು ಉದ್ದ, ಒಂದು ಗಿಡ್ಡ ಹಾರ್ನ್ ಊದಿದರೆ ತೆರೆಯಿರಿ ಎಂದು ಅರ್ಥ. ಅದೇ ಉತ್ತರ ಬಂದರೆ ತೆರೆಯುತ್ತಾರೆ. ಐದು ಗಿಡ್ಡ ಹಾರ್ನ್ ಬಂದರೆ ಈಗ ಆಗುವುದಿಲ್ಲ. ನಮಗೆ ಮೊದಲು ಬಂದಿದ್ದು ಐದು. ಸುತ್ತು ಹಾಕುತ್ತಾ ಕಾದೆವು. ಆ ಇಪ್ಪತ್ತು ನಿಮಿಷದಲ್ಲಿ ನೋಡಿದಷ್ಟು ಊರನ್ನು ಮೊದಲ ಪ್ರವಾಸದ ಇಡೀ ಮಧ್ಯಾಹ್ನದಲ್ಲೂ ನಾನು ನೋಡಿರಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಅಲ್ಲಿ ಎಷ್ಟೋ ಓಣಿಗಳು ನೀರಿಗೆ ಬಂದು ಮುಗಿಯುತ್ತವೆ. ಹಲವು ಓಣಿಗಳ ತುದಿಯಲ್ಲಿ ಡಿಂಗಿ ಎಂಬ ಪುಟ್ಟ ದೋಣಿ ಕಟ್ಟಲು ಸಾರ್ವಜನಿಕ ಜಾಗ ಇದೆ. ನೀರಿನಂಚು ಶ್ರೀಮಂತರ ಅಂಗಳವಾಗಿಯೇ ಉಳಿಯದೆ ಎಲ್ಲರಿಗೂ ಸಿಗುವುದು ದೊಡ್ಡ ವಿಷಯ ಅಲ್ವಾ? ಬೆಳಿಗ್ಗೆ ಹುಟ್ಟು ಹಾಕಿಕೊಂಡು ಹೋಗಿ ಒಂದು ಓಣಿಯಲ್ಲಿ ಇಳಿಯುತ್ತಿದ್ದೆವು, ಮರುದಿನ ಇನ್ನೊಂದರಲ್ಲಿ.

ಸ್ಟೇಟ್ ಹೌಸ್ ಕಟ್ಟಲು ಶುರು ಮಾಡಿದ್ದು 1772ರಲ್ಲಿ. ಇಂದಿಗೂ ಶಾಸಕರು ಅಲ್ಲೇ ಸೇರುತ್ತಾರೆ. 1783ರ ಡಿಸೆಂಬರ್ 23ರಂದು ಸ್ವಾತಂತ್ರ್ಯ ಯುದ್ಧ ಗೆದ್ದ ಜಾರ್ಜ್ ವಾಷಿಂಗ್ಟನ್ ಇಲ್ಲಿನ ಒಂದು ಕೋಣೆಗೇ ಬಂದು ಸೇನಾಪತಿಯ ಅಧಿಕಾರವನ್ನು ದೇಶದ ಪ್ರತಿನಿಧಿ ಸಭೆಯಾದ ಕಾಂಗ್ರೆಸ್‌ಗೆ ಮರಳಿಸಿದರು. ಮೂರು ವಾರದ ನಂತರ, 1784ರ ಜನವರಿ 14ರಂದು, ಆ ಯುದ್ಧ ಮುಗಿಸಿದ, ಬ್ರಿಟನ್ ಜೊತೆಗಿನ ಪ್ಯಾರಿಸ್ ಒಪ್ಪಂದಕ್ಕೆ ಅದೇ ಕೋಣೆಯಲ್ಲಿ ಒಪ್ಪಿಗೆ ಸಿಕ್ಕಿತು. ಕೋಣೆ ನೀವು ಅಂದುಕೊಳ್ಳುವುದಕ್ಕಿಂತ ಚಿಕ್ಕದು.

ಅಲ್ಲಿಂದ ಇಳಿದು ಧಕ್ಕೆಗೆ ಬನ್ನಿ. ಅಲ್ಲಿನ ಕಿರಿದಾದ ಕಾಲುವೆಗೆ ಈಗೋ ಆ್ಯಲಿ, ಅಂದರೆ ಜಂಬದ ಓಣಿ, ಅಂತ ಅಡ್ಡಹೆಸರು. ವಾರಾಂತ್ಯದಲ್ಲಿ ತಮ್ಮ ದೋಣಿ ತೋರಿಸಲೆಂದೇ ಜನ ಒಳಗೆ ಬಂದು ತಿರುಗಿ ಹೋಗುತ್ತಾರೆ. ಅದರ ತುದಿಯಲ್ಲೇ ಲೇಖಕ ಅಲೆಕ್ಸ್ ಹೇಲಿ ಕೂತು ಮೂವರು ಮಕ್ಕಳಿಗೆ ಕಥೆ ಓದುತ್ತಿರುವ ಕಂಚಿನ ಪ್ರತಿಮೆ ಇದೆ. 1767ರ ಸೆಪ್ಟೆಂಬರ್ 29ರಂದು ಲಾರ್ಡ್ ಲಿಗೋನಿಯರ್ ಎಂಬ ಹಡಗು ಗ್ಯಾಂಬಿಯಾದಿಂದ ಗುಲಾಮರನ್ನು ಹೊತ್ತು ಈ ಬಂದರಿಗೆ ಬಂತು. ಅದರಲ್ಲಿದ್ದ ಕುಂಟಾ ಕಿಂಟೆ ತನ್ನ ಮೂಲಪುರುಷ ಎಂದು ಹೇಲಿ ಬರೆದರು. ಆ ಗುಲಾಮರೂ ಬಂದದ್ದು ನಾವು ಬಂದ ಇದೇ ನೀರಿನ ದಾರಿಯಲ್ಲಿ, ಹಡಗಿನ ಹೊಟ್ಟೆಯೊಳಗೆ, ಈ ನೋಟ ಯಾವುದೂ ಕಾಣದೆ. ಆ ಸಂಜೆ ನಾವು ಹೆಚ್ಚು ಮಾತಾಡಲಿಲ್ಲ. ಒಂದೇ ದಿನಕ್ಕೆ ಹೊರಡಲು ಮನಸ್ಸಾಗದ್ದು ಅಲ್ಲಿ ಕೂತ ಮೇಲೆಯೇ.

ನಾಲ್ಕನೇ ಬೆಳಿಗ್ಗೆ ತೇಲುಗುಂಡಿನ ಹಗ್ಗ ಬಿಚ್ಚಿದೆವು. ಈ ಸಲ ಸೇತುವೆ ಕೂಡಲೇ ತೆರೆಯಿತು. ಕೆಂಪು ಗುರುತುಗಳು ಈಗ ಎಡಕ್ಕೆ. ಚುಕ್ಕಾಣಿ ನನ್ನ ಕೈಯಲ್ಲಿದ್ದರೂ ಆಗಾಗ ಹಿಂದೆ ತಿರುಗಿ ನೋಡುತ್ತಿದ್ದೆ. ಓಣಿಗಳು ಮೊದಲು ಮರೆಯಾದವು, ಆಮೇಲೆ ಧಕ್ಕೆ. ಗುಮ್ಮಟ ಮಾತ್ರ ತುಂಬಾ ಹೊತ್ತು ಕಾಣುತ್ತಲೇ ಇತ್ತು.