ಒಂದು ದ್ವೀಪ ಸಾಕು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಹಳೇ ಬಂದರಿಗೆ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ. ಸಾಲಾಗಿ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ನಿಂತಿರುತ್ತವೆ. ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ ಹೇರಿಕೊಂಡು ಅವು ಹೊರಡುವುದು ಲಕ್ಷದ್ವೀಪಕ್ಕೆ. ಅಲ್ಲಿನವರಿಗೆ ಮಂಗಳೂರು ಪೇಟೆ ಹೊಸದೇನಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈ ಸೇರಿದವು. ಆಮೇಲೆ 1956ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಸರ್ಕಾರಕ್ಕೆ ಕೊಟ್ಟು, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು.

ಇಷ್ಟು ಹಳೇ ನಂಟು ಇದ್ದರೂ ನಮ್ಮಲ್ಲಿ ಲಕ್ಷದ್ವೀಪ ನೋಡಿದವರು ಕಡಿಮೆ. ಗೋವಾ ಗೊತ್ತು, ಅಂಡಮಾನ್ ಗೊತ್ತು, ಈಗೀಗ ಬಾಲಿಯೂ ಗೊತ್ತು. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಮೇಲೆ ಎಲ್ಲರಿಗೂ ಒಮ್ಮೆಲೇ ಆಸೆ ಹುಟ್ಟಿತು. ಅದೇ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ನೇರ ವಿಮಾನವೂ ಶುರುವಾಯಿತು. ಈಗ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ. ನಾಲ್ಕೈದು ದಿನ ರಜೆ ಇದೆ, ಎಷ್ಟು ದ್ವೀಪ ಮುಗಿಸಬಹುದು?

ಒಂದು. ಅದೂ ನಿಧಾನವಾಗಿ ನೋಡಿದರೆ.

ಯಾಕೆ ಅಂದರೆ, ಭೂಪಟದಲ್ಲಿ ಈ ದ್ವೀಪಗಳು ಪಕ್ಕಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತವೆ. ನಿಜದಲ್ಲಿ ಹಾಗಿಲ್ಲ. ಒಟ್ಟು 36 ದ್ವೀಪಗಳು. ಜನ ಊರು ಕಟ್ಟಿಕೊಂಡು ಇರುವುದು 10ರಲ್ಲಿ. ಎಲ್ಲ ಸೇರಿಸಿದರೂ ನೆಲ ಬರೀ 32 ಚದರ ಕಿಲೋಮೀಟರ್. ಬೆಂಗಳೂರು ನಗರದೊಳಗೆ ಇಂಥ ಇಪ್ಪತ್ತು ಲಕ್ಷದ್ವೀಪ ಕೂರಿಸಬಹುದು. ಆದರೆ ಅಷ್ಟು ಸಣ್ಣ ನೆಲ ನೂರಾರು ಕಿಲೋಮೀಟರ್ ಸಮುದ್ರದಲ್ಲಿ ಚದುರಿದೆ. ತೆಂಕಣ ತುದಿಯ ಮಿನಿಕಾಯ್‌ಗೂ ಉಳಿದ ದ್ವೀಪಗಳಿಗೂ ನಡುವೆ ಸುಮಾರು 200 ಕಿಲೋಮೀಟರ್ ನೀರು. ಬೆಳಗ್ಗೆ ಒಂದು ದ್ವೀಪ, ಮಧ್ಯಾಹ್ನ ಇನ್ನೊಂದು ಅಂತ ಲೆಕ್ಕ ಹಾಕುವ ಜಾಗ ಇದಲ್ಲ. ಅಗತ್ತಿ ಮತ್ತು ಬಂಗಾರಂನಂಥ ಕೆಲವು ಮಾತ್ರ ಹತ್ತಿರ ಇವೆ.

ಮೊದಲು ಅನುಮತಿಯ ವಿಷಯ ಹೇಳಿಬಿಡುತ್ತೇನೆ. ಭಾರತದವರಾದರೂ ಲಕ್ಷದ್ವೀಪಕ್ಕೆ ಹೋಗಲು ಪರ್ಮಿಟ್ ಬೇಕು. 1967ರ ನಿಯಮ ಅದು. ಪರ್ಮಿಟ್‌ನಲ್ಲಿ ಯಾವ ದ್ವೀಪ ಅಂತ ಬರೆದಿರುತ್ತದೆ. ಅಲ್ಲಿ ಇಳಿದ ಮೇಲೆ ಮನಸ್ಸು ಬದಲಾಯಿಸಿ ಬೇರೆ ಕಡೆ ಹೋಗುತ್ತೇನೆ ಅಂದರೆ ನಡೆಯುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ಕೆಲವೇ ದ್ವೀಪಗಳಿಗೆ ಪ್ರವೇಶ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ಆಸೆ ಇದ್ದ ಅಜ್ಜ ಅಜ್ಜಿಯರು ಇದನ್ನು ಮೊದಲೇ ವಿಚಾರಿಸಿ. ಒಂದೇ ಮನೆಯವರು, ಅರ್ಧ ಜನಕ್ಕೆ ಪ್ರವೇಶ, ಅರ್ಧ ಜನಕ್ಕೆ ಇಲ್ಲ ಅಂತಾದರೆ ಕಷ್ಟ ಅಲ್ವಾ. ಉಳಿಯುವ ಜಾಗ, ಪರ್ಮಿಟ್, ಹೋಗಿಬರುವ ಟಿಕೆಟ್ ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಬರೀ ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ಮೊದಲು ತೆಗೆಯಬೇಡಿ.

ಇನ್ನು ಹೋಗುವ ದಾರಿ. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಅಲ್ಲಿನ ರನ್‌ವೇ ಗಿಡ್ಡ, ಎರಡೂ ಕಡೆ ಸಮುದ್ರ. ದೊಡ್ಡ ವಿಮಾನಗಳು ಇಳಿಯುವ ಹಾಗಿಲ್ಲ, ಸಣ್ಣವು ಬರುತ್ತವೆ. ಇಳಿಯುವಾಗ ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೃಷ್ಟ. ದ್ವೀಪವನ್ನು ಸುತ್ತಿದ ಹವಳದ ದಂಡೆಯ ಹೊರಗೆ ಕಡುನೀಲಿ, ಒಳಗೆ ತಿಳಿಹಸಿರು, ಗೀರು ಎಳೆದ ಹಾಗೆ ಬೇರೆಬೇರೆ. ಹಡಗು ಕೊಚ್ಚಿಯಿಂದ. ದ್ವೀಪ ಯಾವುದು ಅನ್ನುವುದರ ಮೇಲೆ ಸುಮಾರು 14ರಿಂದ 18 ಗಂಟೆ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಒಂದು ಸಲವಾದರೂ ಹಡಗಿನಲ್ಲಿ ಹೋಗಬೇಕು. ದ್ವೀಪದವರು ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಹೋಗಿಬರುವುದು ಅದರಲ್ಲೇ. ಅವರ ಜೊತೆ ಒಂದು ರಾತ್ರಿ ಕೂತು ಮಾತಾಡಿದರೆ ಅರ್ಧ ಪ್ರವಾಸ ಆದ ಹಾಗೆ.

ಆದರೆ ಒಂದು ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಎಷ್ಟೋ ಸಲ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹೊರಗೆ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆಗೆಯುತ್ತಾರೆ. ಕೆಳಗೆ ಸಣ್ಣ ದೋಣಿ ಏಳುತ್ತಾ ಬೀಳುತ್ತಾ ಇರುತ್ತದೆ. ದೋಣಿ ಮೇಲೆದ್ದ ಕ್ಷಣ ನೋಡಿ ಕಾಲಿಡಬೇಕು. ಆ ಕಡೆ ಈ ಕಡೆ ಇಬ್ಬರು ತೋಳು ಹಿಡಿದು ಇಳಿಸುತ್ತಾರೆ, ಅವರಿಗೆ ಅದು ದಿನದ ಕೆಲಸ. ಮಂಡಿನೋವು ಇದ್ದವರಿಗೆ, ಬಸುರಿಯರಿಗೆ ಇದು ಬೇಡ. ಅವರಿಗೆ ಅಗತ್ತಿ ವಿಮಾನವೇ ಸರಿ. ಲಗೇಜು ಕೂಡ ಹೆಗಲಿಗೆ ಹಾಕುವ ಚೀಲದಲ್ಲಿರಲಿ. ಚಕ್ರದ ಸೂಟ್‌ಕೇಸು ಅಲ್ಲಿ ಬರೀ ಭಾರ.

ಕೊಚ್ಚಿಯಿಂದ ಐದು ದಿನದ ಹಡಗು ಪ್ರವಾಸವೊಂದನ್ನು ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ನಡೆಸುತ್ತಾ ಬಂದಿದೆ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸಿ, ರಾತ್ರಿ ಹಡಗಿನಲ್ಲೇ ಮಲಗಿಸುತ್ತಾರೆ. ವ್ಯವಸ್ಥೆ ಎಲ್ಲ ಅವರದೇ, ತಲೆಬಿಸಿ ಇಲ್ಲ. ಮೂರು ದ್ವೀಪ ನೋಡಿದೆ ಅಂತ ಹೇಳಿಕೊಳ್ಳಲೂಬಹುದು. ಆದರೆ ಸಂಜೆ ಐದರ ನಂತರದ ದ್ವೀಪ ನಿಮಗೆ ಸಿಗುವುದಿಲ್ಲ. ಬಿಸಿಲು ಇಳಿದ ಮೇಲೆ ಮಕ್ಕಳು ನೀರಿಗೆ ಬೀಳುವ ಹೊತ್ತು, ಮೀನಿನ ದೋಣಿ ವಾಪಸಾಗುವ ಹೊತ್ತು, ಹೆಂಗಸರು ಜಗಲಿಗೆ ಬಂದು ಕೂರುವ ಹೊತ್ತು ಅದು. ಅದಕ್ಕೇ ನಾನು ಒಂದೇ ಕಡೆ ಉಳಿಯುವ ಪಕ್ಷ.

ಹಾಗಾದರೆ ಯಾವ ದ್ವೀಪ? ಅದು ನಿಮಗೆ ಏನು ಬೇಕು ಅನ್ನುವುದರ ಮೇಲೆ.

ಬರೀ ಮರಳು, ನೀರು, ನಿದ್ದೆ ಸಾಕು ಅನ್ನುವವರಿಗೆ ಬಂಗಾರಂ. ಅಲ್ಲಿ ಊರಿಲ್ಲ. ಮದ್ಯಕ್ಕೆ ಅವಕಾಶ ಇರುವುದೂ ಅಲ್ಲಿ ಮಾತ್ರ, ಉಳಿದ ಕಡೆ ನಿಷೇಧ. ನೀರಿನೊಳಗೆ ಇಳಿಯಬೇಕು, ಹವಳ ನೋಡಬೇಕು ಅನ್ನುವವರಿಗೆ ಕದ್ಮತ್. ಉದ್ದಕ್ಕೆ ಪಟ್ಟಿಯ ಹಾಗಿರುವ ದ್ವೀಪ, ಡೈವಿಂಗ್ ಕಲಿಸುವವರು ಇದ್ದಾರೆ. ಡೈವಿಂಗ್ ಮಾಡುವುದಾದರೆ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ನೀರಿನಿಂದ ಎದ್ದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಗೆ ಹೋಗಲು ಅಷ್ಟು ಹೊತ್ತು ಬೇಕು. ಊರು, ಆಫೀಸು, ಮಸೀದಿ ಎಲ್ಲ ಇರುವ ಕಡೆ ಇರಬೇಕು ಅಂದರೆ ರಾಜಧಾನಿ ಕವರತ್ತಿ. ಅಲ್ಲಿನ ಉಜ್ರಾ ಮಸೀದಿಯ ಮರದ ಕೆತ್ತನೆಯ ಚಾವಣಿಯನ್ನು ತಲೆ ಎತ್ತಿ ನೋಡಿ. ತೇಲಿಬಂದ ಒಂದೇ ಮರದಿಂದ ಕೆತ್ತಿದ್ದು ಅಂತ ಊರವರು ಹೇಳುತ್ತಾರೆ.

ನನ್ನ ಆಯ್ಕೆ ಮಿನಿಕಾಯ್. ಹೋಗುವುದು ಕಷ್ಟ, ಆದರೂ ಅದೇ.

ಉಳಿದ ದ್ವೀಪಗಳಲ್ಲಿ ಜೆಸರಿ ಅನ್ನುವ ಮಲಯಾಳದ ಒಂದು ಬಗೆ ಆಡುತ್ತಾರೆ. ಮಿನಿಕಾಯ್‌ನಲ್ಲಿ ಮಾತು ಮಹಲ್. ಅದು ಮಾಲ್ಡೀವ್ಸ್‌ನವರ ದಿವೇಹಿಯ ನೆಂಟ, ಬರೆಯುವುದು ಬಲದಿಂದ ಎಡಕ್ಕೆ. ಊರು ಹಳ್ಳಿಗಳಾಗಿ ಹಂಚಿಕೊಂಡಿದೆ. ಪ್ರತಿ ಹಳ್ಳಿಗೂ ಗಂಡಸರ ಪರವಾಗಿ ಒಬ್ಬ ಮುಖಂಡ, ಹೆಂಗಸರ ಪರವಾಗಿ ಒಬ್ಬ ಮುಖಂಡೆ. ಎಲ್ಲರೂ ಸೇರುವ ಹಳ್ಳಿಮನೆ ಇದೆ. ಹಳ್ಳಿಗೊಂದು ಬಣ್ಣ ಬಳಿದ ಉದ್ದನೆಯ ದೋಣಿ ಇದೆ, ಅದನ್ನು ತೆಗೆಯುವುದು ಪಂದ್ಯಕ್ಕೆ. ಇಲ್ಲಿನ ಗಂಡಸರು ದೇಶ ದೇಶದ ಹಡಗುಗಳಲ್ಲಿ ನಾವಿಕರು. ಹೀಗಾಗಿ ಸಣ್ಣ ಚಹಾದಂಗಡಿಯಲ್ಲಿ ಕೂತರೂ ಪಕ್ಕದಲ್ಲಿರುವವರು ಪನಾಮಾ ಕಾಲುವೆಯ ಬಗ್ಗೆ ಮಾತಾಡುತ್ತಿರಬಹುದು. ಲಕ್ಷದ್ವೀಪದ ಎಲ್ಲ ಕಡೆಯೂ ಹೆಚ್ಚು ಕಡಿಮೆ ಅಳಿಯಕಟ್ಟಿನಂಥದೇ ಪದ್ಧತಿ. ಮುಸ್ಲಿಂ ಕುಟುಂಬಗಳೇ, ಆದರೂ ಮನೆತನ ತಾಯಿಯ ಕಡೆಯಿಂದ. ತುಳುನಾಡಿನ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1885ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ಮೇಲೆ ಹತ್ತಿದರೆ ಇಡೀ ದ್ವೀಪ, ಅದರ ಲಗೂನ್, ಹವಳದ ದಂಡೆ ಒಂದೇ ನೋಟಕ್ಕೆ. ಲಗೂನ್ ಅಂದರೆ ದಂಡೆಯ ಒಳಗಿನ ಆಳವಿಲ್ಲದ ನೀರು.

ಮಿನಿಕಾಯ್‌ನ ಟ್ಯೂನಾ ಮೀನುಗಾರಿಕೆಯನ್ನು ನೋಡಿಯೇ ತಿಳಿಯಬೇಕು. ಬಲೆ ಇಲ್ಲ. ಮೊದಲು ಲಗೂನ್ ಒಳಗೆ ಬೆರಳುದ್ದದ ಸಣ್ಣ ಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಿನ ಕಡಲಿನಲ್ಲಿ ಟ್ಯೂನಾ ಹಿಂಡು ಕಂಡರೆ ಆ ಸಣ್ಣ ಮೀನನ್ನು ಎರಚುತ್ತಾರೆ, ನೀರು ಚಿಮುಕಿಸುತ್ತಾರೆ. ಹಿಂಡು ಹುಚ್ಚೆದ್ದು ಮೇಲೆ ಬರುತ್ತದೆ. ಸಾಲಾಗಿ ನಿಂತವರು ಕೋಲಿನ ಗಾಳ ಬೀಸಿ ಒಂದೊಂದೇ ಮೀನನ್ನು ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಒಳಮುಳ್ಳು ಇಲ್ಲ, ಮೀನು ತಾನಾಗಿ ಕಳಚಿ ಬೀಳುತ್ತದೆ. ಹಿಡಿದ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಒಣಗಿಸಿ ಮರದ ತುಂಡಿನಷ್ಟು ಗಟ್ಟಿ ಮಾಡುತ್ತಾರೆ. ಅದೇ ಮಾಸ್. ತೆಂಗಿನ ತುರಿ, ಈರುಳ್ಳಿ ಜೊತೆ ಕಲಸಿ ಕೊಟ್ಟರೆ ಅನ್ನ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ.

ಈ ಮೀನುಗಾರಿಕೆ ನಿಂತಿರುವುದು ಹವಳದ ಮೇಲೆ. ಹವಳ ಇದ್ದರೆ ಸಣ್ಣ ಮೀನು, ಸಣ್ಣ ಮೀನು ಇದ್ದರೆ ಟ್ಯೂನಾ. ನೀವು ನಿಂತ ನೆಲವೂ ಹವಳದ ಪುಡಿಯೇ. ಈ ಹವಳ ಈಗ ಸಂಕಟದಲ್ಲಿದೆ. 1998, 2010, 2016ರಲ್ಲಿ ಕಡಲು ಮಿತಿಮೀರಿ ಬಿಸಿಯಾಗಿ ಹವಳ ಬಿಳುಚಿಕೊಂಡಿತು, ತುಂಬಾ ಸತ್ತಿತು. 2024ರಲ್ಲಿ ಮತ್ತೆ. ಒಂದು ಸಲ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಹೊಡೆತ. ಬಂಗಾರಂ ಪಕ್ಕದ ಪರಳಿ-1 ಅನ್ನುವ ಒಂದು ಸಣ್ಣ ದ್ವೀಪವಂತೂ ಕೊಚ್ಚಿಹೋಗಿ ಈಗ ಇಲ್ಲವೇ ಇಲ್ಲ. ಫೋಟೋದಲ್ಲಿ ನೋಡಿದ ಬಣ್ಣದ ಹವಳವೇ ಎಲ್ಲ ಕಡೆ ಇರುತ್ತದೆ ಅಂದುಕೊಂಡು ಹೋಗಬೇಡಿ. ಬೂದು ಬಣ್ಣದ ಸತ್ತ ಹವಳವೂ ಕಾಣುತ್ತದೆ. ಅದರ ನಡುವೆ ಮೀನು, ಕಡಲಾಮೆ ಧಾರಾಳ. ಅಗತ್ತಿಯಲ್ಲಿ ಆಮೆಗಳು ಎಷ್ಟು ಹೆಚ್ಚಾದವು ಅಂದರೆ, ಕಡಲ ಹುಲ್ಲೆಲ್ಲ ಮೇಯ್ದುಬಿಟ್ಟವು, ನಮಗೆ ಮೀನು ಕಡಿಮೆಯಾಯಿತು ಅಂತ ಅಲ್ಲಿನ ಮೀನುಗಾರರದು ತಕರಾರು. ಪ್ರವಾಸಿಗೆ ಚೆಂದ ಕಂಡಿದ್ದು ಊರವರಿಗೆ ತಲೆನೋವು.

ಹವಳದ ಮೇಲೆ ಕಾಲಿಡಬೇಡಿ. ಮುರಿಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ. ದಡದಲ್ಲಿ ಬಿದ್ದ ತುಂಡು ತಾನೇ ಅಂತ ಚೀಲಕ್ಕೆ ಹಾಕಿಕೊಂಡರೆ ಅದು ವನ್ಯಜೀವಿ ಕಾನೂನಿನ ಕೆಳಗೆ ಅಪರಾಧ.

ನೀರಿನ ವಿಷಯವೂ ಗೊತ್ತಿರಲಿ. ಈ ದ್ವೀಪಗಳಲ್ಲಿ ಹೊಳೆ ಇಲ್ಲ, ಗುಡ್ಡ ಇಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಿಂದ ಜಾಸ್ತಿ ಎತ್ತಿದರೆ ಉಪ್ಪು ಮೇಲೆ ಬರುತ್ತದೆ. ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ಸಿಹಿ ಮಾಡುವ ಘಟಕ ಇದೆ. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಅದನ್ನು ತಂಪು ಮಾಡಿ ಇಳಿಸುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್. ಮಿನಿಕಾಯ್, ಅಗತ್ತಿಗೂ ಆಮೇಲೆ ಬಂತು. ಅಷ್ಟು ಕಷ್ಟದ ನೀರಿನಲ್ಲಿ ಶವರ್ ಕೆಳಗೆ ಅರ್ಧ ಗಂಟೆ ನಿಲ್ಲುವುದು ಸರಿಯಲ್ಲ.

ಯಾವಾಗ ಹೋಗುವುದು? ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲು ಒರಟು, ಬೇಡ. ನಮ್ಮ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್, ಮೇ. ಆಗ ಸೆಕೆ ವಿಪರೀತ, ಮಳೆಯೂ ಹತ್ತಿರ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ದಸರಾ ರಜೆಗೂ ಹೋಗಬಹುದು. ಹೊರಡುವ ಮುಂಚೆ ರಂಜಾನ್ ಯಾವಾಗ ಅಂತ ಕ್ಯಾಲೆಂಡರ್ ನೋಡಿ. ಉಪವಾಸದ ತಿಂಗಳಲ್ಲಿ ಹಗಲು ಹೋಟೆಲು ಸಿಗುವುದು ಕಷ್ಟ. ಊರಿರುವ ದ್ವೀಪಗಳಲ್ಲಿ ಈಜುಡುಗೆ ತೊಟ್ಟು ಓಣಿಯಲ್ಲಿ ತಿರುಗುವುದು ಸಲ್ಲ. ನಮ್ಮ ಹಳ್ಳಿಗೆ ಯಾರಾದರೂ ಹಾಗೆ ಬಂದರೆ ನಾವೂ ಒಪ್ಪುವುದಿಲ್ಲವಲ್ಲ.

ಬೆಂಗಳೂರಿಗೆ ವಾಪಸಾದ ಮರುದಿನವೇ ಆಫೀಸು ಅಂತ ಇಟ್ಟುಕೊಳ್ಳಬೇಡಿ. ಗಾಳಿ ಎದ್ದರೆ ಹಡಗು ತಡವಾಗುತ್ತದೆ, ವಿಮಾನ ರದ್ದಾಗುತ್ತದೆ. ಕೊನೆಗೆ ಎರಡು ದಿನ ಸುಮ್ನೆ ಖಾಲಿ ಇರಲಿ. ಕೈಯಲ್ಲಿ ಸ್ವಲ್ಪ ನಗದು, ದಿನವೂ ತಗೊಳ್ಳುವ ಮಾತ್ರೆ ಆ ಎರಡು ದಿನಕ್ಕೂ ಸೇರಿಸಿ, ಕಡಲು ಕಾಯಿಲೆಗೆ ಮಾತ್ರೆ, ಮೂಲ ಗುರುತಿನ ಚೀಟಿ, ಪರ್ಮಿಟ್‌ನ ಪ್ರತಿ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ಕನ್ನು ವಾಪಸ್ ತರಲು ಒಂದು ಖಾಲಿ ಚೀಲ. ಬರುವಾಗ ಅದರ ಪಕ್ಕದಲ್ಲಿ ಎಲೆಯಲ್ಲಿ ಸುತ್ತಿದ ತೆಂಗಿನಕಾಯಿ ಬೆಲ್ಲದ ಹಲ್ವಕ್ಕೂ ಜಾಗ ಇರಲಿ. ನಮಸ್ಕಾರ.