ಕೆಲಸ ಇರುವ ಕಡೆ ಮಲಗಲು ಜಾಗ
(ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಮಳೆ ಬೇರೆ ಬರುವ ಹಾಗಿದೆ. ಆದರೂ ಇಷ್ಟು ಜನ ಬಂದಿದ್ದೀರಿ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ ಎಷ್ಟು ಹೊತ್ತಿಗೆ ಜೋರಾಗುತ್ತದೆ? ಹಬ್ಬದ ಹಿಂದಿನ ದಿನ ಹೋದವರಿಗೆ ಗೊತ್ತಿರುತ್ತದೆ. ಬೆಳಗಿನ ಜಾವಕ್ಕೇ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೂ ಮುಂಚೆ ಟೆಂಪೋಗಳಿಂದ ಮೂಟೆ ಇಳಿದಿರಬೇಕು. ಆ ಮೂಟೆ ಇಳಿಸುವವನು ಎಲ್ಲಿಂದ ಬರಬೇಕು? ಆ ಹೊತ್ತಿನಲ್ಲಿ ಮೆಟ್ರೋ ಇಲ್ಲ. ಬಸ್ಸು ಸಿಗುವುದು ಕಷ್ಟ. ಆಟೋಗೆ ಕೊಟ್ಟರೆ ಕೂಲಿಯಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು. ಹಾಗಾಗಿ ಅವನು ಎಲ್ಲಿಂದಲೂ ಬರುವುದಿಲ್ಲ, ಅಲ್ಲೇ ಮಲಗಿರುತ್ತಾನೆ. ಫ್ಲೈಓವರ್ ಕೆಳಗೆ, ಅಂಗಡಿಯ ಕಟ್ಟೆ ಮೇಲೆ, ಕೆಲವು ಸಲ ತನ್ನ ತಳ್ಳುಗಾಡಿಯ ಮೇಲೇ.

ನನ್ನ ಮಾತಿನ ತಿರುಳು ಇಷ್ಟೇ. ಬೀದಿಯಲ್ಲಿ ಮಲಗುವವರಲ್ಲಿ ಬಹಳಷ್ಟು ಮಂದಿ ದುಡಿಯುವವರು. ಅವರು ಮಲಗುವ ಜಾಗವನ್ನು ಕೆಲಸ ನೋಡಿಕೊಂಡೇ ಆರಿಸಿರುತ್ತಾರೆ. ಇದನ್ನು ಮರೆತು ಇವರು ರಾತ್ರಿ ಮಲಗಲೆಂದು ಊರಾಚೆ ಎಂಥ ಚಂದದ ತಂಗುದಾಣ ಕಟ್ಟಿದರೂ ಅದು ಖಾಲಿ ಬೀಳುತ್ತದೆ. ಆಮೇಲೆ ನಾವೇ ಹೇಳುತ್ತೇವೆ, "ನೋಡಿ, ಅವರಿಗೇ ಬೇಡ" ಅಂತ.

ಬಾಂಬೆ ಫುಟ್‌ಪಾತ್ ನಿವಾಸಿಗಳ ಕೇಸು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಓಲ್ಗಾ ಟೆಲಿಸ್ ಪ್ರಕರಣ ಅಂತ ಹೆಸರು. 1985ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದಿತು. ಈ ಜನ ಫುಟ್‌ಪಾತ್ ಮೇಲೆ ಇರುವುದು ಕೆಲಸ ಹತ್ತಿರ ಎಂಬ ಕಾರಣಕ್ಕೆ, ಅಲ್ಲಿಂದ ಎಬ್ಬಿಸಿದರೆ ಕೆಲಸವೂ ಹೋಗುತ್ತದೆ ಎಂದು ಒಪ್ಪಿಕೊಂಡಿತು. ಅಷ್ಟೆಲ್ಲ ಹೇಳಿ, ತೆರವು ಮಾಡಲು ಪಾಲಿಕೆಗೆ ಅಧಿಕಾರ ಇದೆ ಎಂದೂ ಹೇಳಿತು! ಮಳೆಗಾಲ ಕಳೆಯಲಿ, ಅಕ್ಟೋಬರ್ 31ರವರೆಗೆ ಮುಟ್ಟಬೇಡಿ ಎಂದು ಗಡುವು ಕೊಟ್ಟಿತು. ಎಲ್ಲರೂ ಆ ತೀರ್ಪಿನ ಮೊದಲರ್ಧವನ್ನು ಮಾತ್ರ ಹೊಗಳುತ್ತಾರೆ. ಎರಡನೇ ಅರ್ಧವನ್ನೂ ಓದಬೇಕು.

ಸರಿ, ಇವರು ಬೀದಿಗೆ ಹೇಗೆ ಬರುತ್ತಾರೆ? ಕಾರಣ ಒಂದೇ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬರುವವರು ಹೆಚ್ಚಾಗಿ ಕಟ್ಟಡ ಕೆಲಸಕ್ಕೆ ಸೇರುತ್ತಾರೆ. ಸೈಟಿನ ಮೂಲೆಯಲ್ಲಿ ನೀಲಿ ಟಾರ್ಪಾಲಿನ್ ಶೆಡ್ ಹಾಕಿಕೊಂಡಿರುತ್ತಾರೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಪ್ರಕಾರ ಕೆಲಸ ನಡೆಯುವಷ್ಟು ಕಾಲ ಮಾಲೀಕರೇ ಪುಕ್ಕಟೆ ವಸತಿ ಕೊಡಬೇಕಿತ್ತು. ಅಡುಗೆಗೆ ಬೇರೆ ಜಾಗ, ಸ್ನಾನಕ್ಕೆ ವ್ಯವಸ್ಥೆ, ಎಲ್ಲ ಬರೆದಿತ್ತು. ನಿಮ್ಮ ರಸ್ತೆಯಲ್ಲಿ ಈಗ ಏಳುತ್ತಿರುವ ಅಪಾರ್ಟ್‌ಮೆಂಟ್ ಹಿಂದೆ ಹೋಗಿ ಒಮ್ಮೆ ನೋಡಿ, ಅದರಲ್ಲಿ ಏನೇನು ಇದೆ ಅಂತ. ಅಲ್ಲಿ ಕೆಲಸ ಮುಗಿದ ದಿನ ಶೆಡ್ಡೂ ಹೋಯಿತು. ಮುಂದಿನ ಕೆಲಸ ಸಿಗುವವರೆಗೆ ಇಡೀ ಸಂಸಾರ ರಸ್ತೆ ಬದಿಗೆ.

ಬಾಡಿಗೆ ಮನೆ ಹಿಡಿಯಬಾರದಾ ಎಂದು ಕೇಳುವವರು ಇದ್ದಾರೆ. ಹಿಡಿಯಬಹುದು. ಆದರೆ ಈ ಊರಿನ ಅಡ್ವಾನ್ಸ್ ನಿಮಗೆ ಗೊತ್ತಲ್ವಾ? ಹತ್ತು ತಿಂಗಳ ಬಾಡಿಗೆ ಒಟ್ಟಿಗೆ ಇಡಿ ಅನ್ನುವುದು ಇಲ್ಲಿ ಮಾಮೂಲು. ಎರಡು ತಿಂಗಳಿಗಿಂತ ಜಾಸ್ತಿ ಕೇಳಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಅದು ಬರೀ ಮಾದರಿ. ಒಂದು ಶೀಟ್ ಮನೆಯ ತಿಂಗಳ ಬಾಡಿಗೆ ಕೊಡುವ ಶಕ್ತಿ ಕೂಲಿಯವನಿಗೆ ಇರಬಹುದು. ಆದರೆ ಅದರ ಹತ್ತು ಪಟ್ಟು ಅವನ ಕೈಯಲ್ಲಿ ಒಂದೇ ಸಲಕ್ಕೆ ಯಾವತ್ತೂ ಇರುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಜನ ಬೀದಿಯಲ್ಲಿ ಉಳಿಯುವುದು ಈ ಅಡ್ವಾನ್ಸ್ ದಾಟಲಾಗದೆ. ಇದು ನನ್ನ ಅಭಿಪ್ರಾಯ. ಮನೆ ಬಾಡಿಗೆಗೆ ಕೊಟ್ಟಿರುವವರು ಇಲ್ಲಿ ಬಹಳ ಜನ ಇದ್ದೀರಿ, ಕೋಪ ಮಾಡಿಕೊಳ್ಳಬೇಡಿ.

ಇನ್ನು ಆಸ್ಪತ್ರೆಗಳ ಮುಂದೆ ಮಲಗುವವರು. ವಿಕ್ಟೋರಿಯಾ, ಕಿದ್ವಾಯಿ, ನಿಮ್ಹಾನ್ಸ್, ಎಲ್ಲ ಕಡೆಯೂ ಊರಿಂದ ರೋಗಿಯ ಜೊತೆ ಬಂದವರು ಇರುತ್ತಾರೆ. ಊರಲ್ಲಿ ಮನೆ ಇದೆ, ಹೊಲ ಇದೆ. ಇಲ್ಲಿ ಒಂದು ರಾತ್ರಿ ಕಳೆಯಲು ಜಾಗ ಇಲ್ಲ. ಧರ್ಮಶಾಲೆಗಳಿವೆ, ಆದರೆ ಬರುವ ಜನಕ್ಕೆ ಸಾಲುವುದಿಲ್ಲ. ಚೆನ್ನೈ ಪಾಲಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರಿಗೆಂದೇ ಬೇರೆ ತಂಗುದಾಣ ಮಾಡಿದೆ. ನಾವೂ ಮಾಡಬಹುದು.

ಇದು ನಮಗೆ ಹೊಸದೇನೂ ಅಲ್ಲ. ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ ಇದೆಯಲ್ಲ, ಅದನ್ನು ಕಟ್ಟಿ ನೂರು ವರ್ಷ ದಾಟಿತು. ಊರಿಗೆ ಬಂದಿಳಿದ ಪ್ರಯಾಣಿಕರಿಗೆ, ಓದಲು ಬಂದ ಹುಡುಗರಿಗೆ ತಂಗಲು ಜಾಗ ಬೇಕು ಎಂದು ಒಬ್ಬ ವ್ಯಾಪಾರಿ ತಮ್ಮ ದುಡ್ಡು ಹಾಕಿ ಕಟ್ಟಿಸಿದರು. ಜಾಗ ಎಲ್ಲಿ ಆರಿಸಿದರು ನೋಡಿ. ಜನ ಬಂದು ಇಳಿಯುವ ಕಡೆಯೇ!

ಲೆಕ್ಕದ ವಿಷಯಕ್ಕೆ ಬರುತ್ತೇನೆ. 2011ರ ಜನಗಣತಿಯಲ್ಲಿ ದೇಶದಲ್ಲಿ ವಸತಿ ಇಲ್ಲದವರು ಸುಮಾರು 17.7 ಲಕ್ಷ ಮಂದಿ ಸಿಕ್ಕರು. ಅದರಲ್ಲಿ ನಗರಗಳಲ್ಲೇ 9 ಲಕ್ಷಕ್ಕೂ ಜಾಸ್ತಿ. ಫುಟ್‌ಪಾತ್, ಫ್ಲೈಓವರ್ ಅಡಿ, ಸಿಮೆಂಟ್ ಪೈಪು, ಗುಡಿಯ ಅಂಗಳ, ರೈಲ್ವೆ ಪ್ಲಾಟ್‌ಫಾರಂ, ಹೀಗೆ ಬಯಲಲ್ಲಿ ಮಲಗುವವರನ್ನು ಫೆಬ್ರವರಿ 28ರ ಒಂದೇ ರಾತ್ರಿ ಎಣಿಸಿದರು. ಒಂದೇ ರಾತ್ರಿ! ಆ ರಾತ್ರಿ ಮದುವೆ ಮನೆಯಲ್ಲಿ ಬಡಿಸಲು ಹೋದವನು, ಪೊಲೀಸರು ಎಬ್ಬಿಸಿದರೆಂದು ಬೇರೆ ರಸ್ತೆಗೆ ಹೋದವಳು, ಭಯಕ್ಕೆ ಕತ್ತಲಲ್ಲಿ ಅಡಗಿ ಮಲಗಿದ ಹುಡುಗ, ಇವರೆಲ್ಲ ಲೆಕ್ಕಕ್ಕೆ ಸಿಕ್ಕಿರುವುದು ಅನುಮಾನ. ಹೆಂಗಸರಂತೂ ಕಣ್ಣಿಗೆ ಬೀಳದ ಹಾಗೆ ಇರುವುದನ್ನೇ ಅಭ್ಯಾಸ ಮಾಡಿಕೊಂಡಿರುತ್ತಾರೆ. ಗುಂಪಾಗಿ, ದೀಪ ಇರುವ ಕಡೆ, ಗುಡಿ ಅಥವಾ ಆಸ್ಪತ್ರೆ ಪಕ್ಕ ಮಲಗುತ್ತಾರೆ. ಎಷ್ಟೋ ಜನ ರಾತ್ರಿ ಕೂತೇ ಇದ್ದು ಹಗಲು ನಿದ್ದೆ ಮಾಡುತ್ತಾರೆ. ಹಗಲು ಮಲಗಿದ್ದನ್ನು ನೋಡಿದವರು ಸೋಮಾರಿಗಳು ಅನ್ನುತ್ತಾರೆ.

2010ರಲ್ಲಿ ದೆಹಲಿಯ ಚಳಿಯಲ್ಲಿ ಬೀದಿಯ ಜನ ಸತ್ತಾಗ, ಆಗ ನಡೆಯುತ್ತಿದ್ದ ಆಹಾರದ ಹಕ್ಕಿನ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಈ ವಿಷಯ ಎತ್ತಿಕೊಂಡಿತು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು, ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು ಎಂದು ಹೇಳಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಇದನ್ನೇ ಯೋಜನೆಯಾಗಿ ಮಾಡಿತು. ಒಂದು ಲಕ್ಷಕ್ಕೆ ನೂರು ಜನ ಹಿಡಿಸುವ ತಂಗುದಾಣ, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಎಂದಿತು. ನಮ್ಮ ನಗರದ ಜನಸಂಖ್ಯೆ 2011ರಲ್ಲೇ 84 ಲಕ್ಷ. ಅಂದರೆ 84 ತಂಗುದಾಣ, 8,400 ಜನಕ್ಕೆ ಜಾಗ. ಅದೂ ಹಳೇ ಲೆಕ್ಕದಲ್ಲಿ. ಇರುವುದು ಅದಕ್ಕಿಂತ ಬಹಳ ಕಡಿಮೆ.

ಆದರೆ ಎಷ್ಟು ಎನ್ನುವುದಕ್ಕಿಂತ ನನಗೆ ಎಲ್ಲಿ ಮತ್ತು ಹೇಗೆ ಎನ್ನುವುದೇ ಮುಖ್ಯ. ತಂಗುದಾಣ ಜನ ಸೇರುವ ಮತ್ತು ಕೆಲಸ ಸಿಗುವ ಜಾಗದ ಹತ್ತಿರವೇ ಇರಬೇಕು ಎಂದು ಆ ಯೋಜನೆಯ ನಿಯಮದಲ್ಲೇ ಬರೆದಿತ್ತು. ಅಲ್ಲಿ ಇರುವವರನ್ನೂ ಸೇರಿಸಿಕೊಂಡು ನಿರ್ವಹಣಾ ಸಮಿತಿ ಮಾಡಬೇಕು ಎಂದೂ ಇತ್ತು. ಇವೆರಡು ಆದರೆ ಅರ್ಧ ಕೆಲಸ ಆದಂತೆ.

ಸಣ್ಣ ಸಣ್ಣ ವಿಷಯಗಳಿಗೆ ಜನ ತಂಗುದಾಣ ಬಿಟ್ಟು ಹೋಗುತ್ತಾರೆ. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಕ್ಯಾಟರಿಂಗ್ ಕೆಲಸದವನು ಏನು ಮಾಡಬೇಕು? ಕೊನೇ ಪಂಕ್ತಿ ಎದ್ದು, ಪಾತ್ರೆ ತೊಳೆದು, ಅವನು ಬಿಡುಗಡೆ ಆಗುವಾಗ ಮಧ್ಯರಾತ್ರಿ. ಚಿಂದಿ ಆಯುವವಳು ತನ್ನ ಮೂಟೆ ಎಲ್ಲಿ ಇಡಬೇಕು? ಆ ಮೂಟೆಯೇ ಅವಳ ದಿನದ ದುಡಿಮೆ, ಹೊರಗೆ ಬಿಟ್ಟರೆ ಬೆಳಿಗ್ಗೆ ಇರುವುದಿಲ್ಲ. ತಳ್ಳುಗಾಡಿಗೆ ಜಾಗ ಬೇಕು, ಬೀಗ ಹಾಕುವ ಪೆಟ್ಟಿಗೆ ಬೇಕು. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಬೇರೆ ಮಾಡಿದರೆ ಗಂಡ, ಹೆಂಡತಿ, ಹತ್ತು ವರ್ಷದ ಮಗ ಇರುವ ಸಂಸಾರ ಬರುವುದೇ ಇಲ್ಲ. ಒಂದು ರಾತ್ರಿಗೆ ಸಂಸಾರ ಒಡೆಯುವ ಬದಲು ಒಟ್ಟಿಗೆ ಫುಟ್‌ಪಾತ್ ಮೇಲೆ ಇರುತ್ತೇವೆ ಅನ್ನುತ್ತಾರೆ. ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ.

ಅದಕ್ಕೇ ನನ್ನ ವಾದ, ದೊಡ್ಡದೊಂದರ ಬದಲು ಸಣ್ಣವು ಹತ್ತು ಇರಲಿ. ಮೂವತ್ತು, ನಲವತ್ತು ಜನ ಹಿಡಿಸುವಂಥವು. ಸಂಜೆಯ ನಂತರ ಖಾಲಿ ಇರುವ ಪಾಲಿಕೆಯ ಕಟ್ಟಡ, ಸಮುದಾಯ ಭವನ, ಮುಚ್ಚಿಹೋದ ಶಾಲೆ, ಇವೆಲ್ಲ ನಮ್ಮ ಕಣ್ಣ ಮುಂದೆಯೇ ಇವೆ. ಸಣ್ಣದಾದರೆ ಯಾರು ಯಾರೆಂದು ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ, ಗಲಾಟೆ ಮಾಡಿದವನು ಯಾರೆಂದೂ ಗೊತ್ತಾಗುತ್ತದೆ.

ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಇನ್ನೂ ಒಳ್ಳೆಯದು. 2017ರಲ್ಲಿ ಅದು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ರೇಷನ್ ಅಕ್ಕಿ ಬೀದಿಯಲ್ಲಿರುವವನಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಬೇಯಿಸುವುದು ಎಲ್ಲಿ? ತಟ್ಟೆಗೆ ಬೀಳುವ ಬಿಸಿ ಅನ್ನವೇ ಅವನಿಗೆ ಬೇಕಾಗಿರುವುದು.

ಇನ್ನೊಂದು ಲಾಭ ಬಹಳ ಜನಕ್ಕೆ ಗೊತ್ತಿಲ್ಲ. ವಿಳಾಸ! ಮಾನ್ಯತೆ ಇರುವ ತಂಗುದಾಣದ ಮುಖ್ಯಸ್ಥರು ಕೊಡುವ ಪತ್ರವನ್ನು ಆಧಾರ್‌ಗೆ ದಾಖಲೆಯಾಗಿ ಒಪ್ಪುತ್ತಾರೆ. ಆಧಾರ್ ಆದರೆ ಬ್ಯಾಂಕ್ ಖಾತೆ, ಪಿಂಚಣಿ, ಕಾರ್ಮಿಕ ಕಾರ್ಡು ಒಂದೊಂದೇ ಸಾಧ್ಯವಾಗುತ್ತದೆ. ಮತದಾನದ ವಿಷಯದಲ್ಲಂತೂ ಚುನಾವಣಾ ಆಯೋಗದ ನಿಯಮ ನನಗೆ ಬಹಳ ಇಷ್ಟ. ಮನೆ ಇಲ್ಲದವರು ಮತದಾರರ ಪಟ್ಟಿಗೆ ಸೇರುವ ಅರ್ಜಿಯಾದ ನಮೂನೆ 6ರಲ್ಲಿ ತಾವು ಮಲಗುವ ಜಾಗ ಬರೆದರೆ ಸಾಕು. ಬೂತ್ ಅಧಿಕಾರಿ ರಾತ್ರಿ ಹೊತ್ತು, ಒಂದಕ್ಕಿಂತ ಜಾಸ್ತಿ ಸಲ ಅಲ್ಲಿಗೇ ಹೋಗಿ ನೋಡಬೇಕು. ಆ ವ್ಯಕ್ತಿ ಅಲ್ಲೇ ಮಲಗುತ್ತಾರೆ ಎಂದು ಖಾತ್ರಿಯಾದರೆ ಬೇರೆ ವಿಳಾಸ ಪತ್ರ ಕೇಳುವಂತಿಲ್ಲ.

ಮಾನಸಿಕ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುವವರ ಬಗ್ಗೆಯೂ ಹೇಳಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಂಥವರಿಗೆ ರಕ್ಷಣೆ ಕೊಟ್ಟು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ. ಲಾಕಪ್‌ನಲ್ಲಿ ಇಡುವ ಹಾಗಿಲ್ಲ. ಮನೆ ಇಲ್ಲದವರಿಗೆ ಚಿಕಿತ್ಸೆ ಪುಕ್ಕಟೆ, ಬಿಪಿಎಲ್ ಕಾರ್ಡ್ ಕೇಳಬಾರದು. ಏನು ಮಾಡಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲವರ ಮನಸ್ಸಿನಲ್ಲಿ ಒಂದು ಸುಲಭದ ಉತ್ತರ ಇರಬಹುದು. ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರಕ್ಕೆ ಬಿಟ್ಟರಾಯಿತು ಅಂತ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಭಿಕ್ಷೆ ಬೇಡುವವರನ್ನು ಹಿಡಿಯುವ ಅಧಿಕಾರ ಇದೆ ನಿಜ. ಅದಕ್ಕೆ ದುಡ್ಡು ಕೊಡುತ್ತಿರುವವರೂ ನಾವೇ. ಆಸ್ತಿ ತೆರಿಗೆ ರಸೀದಿಯಲ್ಲಿ ಸೆಸ್ ಎಂದು ಸೇರುತ್ತದಲ್ಲ, ಅದರಲ್ಲಿ ತೆರಿಗೆಯ 3%ರಷ್ಟು ಇದಕ್ಕೇ. ಆದರೆ 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಎಷ್ಟು ಜನ ಸತ್ತರು ಎಂಬುದು ಆಗ ಪೇಪರ್ ಓದಿದವರಿಗೆ ನೆನಪಿರುತ್ತದೆ. ಬೇರೆ ಬೇರೆ ಕಾರಣಕ್ಕೆ ಬೀದಿಗೆ ಬಂದವರನ್ನೆಲ್ಲ ಒಂದೇ ಗೋಡೆಯೊಳಗೆ, ನಮ್ಮ ಕಣ್ಣಿಗೆ ಬೀಳದ ಹಾಗೆ ತುಂಬಿದರೆ ಒಳಗೆ ಏನಾಗುತ್ತಿದೆ ಎಂದು ಕೇಳುವವರೇ ಇರುವುದಿಲ್ಲ. ಬೇಡದೆ ದುಡಿಯುವವರನ್ನೂ ಸುಮ್ನೆ ವ್ಯಾನ್ ಹತ್ತಿಸಿದರು ಎನ್ನುವ ದೂರು ಬೇರೆ ಆಗಾಗ ಕೇಳುತ್ತಿರುತ್ತೇವೆ.

ನಿಮ್ಮ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಪಕ್ಕದಲ್ಲಿ ತಂಗುದಾಣ ಬಂದರೆ ಕುಡಿದು ಗಲಾಟೆ ಮಾಡುತ್ತಾರೆ, ಮಕ್ಕಳು ಓಡಾಡುವುದು ಹೇಗೆ, ಸೈಟಿನ ಬೆಲೆ ಬಿದ್ದರೆ, ಎಲ್ಲ ಕೇಳಿಬರುತ್ತದೆ. ಕುಡಿತದ ತೊಂದರೆ ನಿಜ. ಆದರೆ ಆ ಜನ ಈಗಲೂ ನಮ್ಮ ವಾರ್ಡಿನಲ್ಲೇ ಮಲಗುತ್ತಿದ್ದಾರೆ. ಶೌಚಾಲಯ ಇಲ್ಲದೆ, ದೀಪ ಇಲ್ಲದೆ, ಕೇಳುವವರಿಲ್ಲದೆ. ತಂಗುದಾಣ ಬಂದರೆ ಹೊಸಬರು ಬರುತ್ತಾರೆ ಎನ್ನುವುದಕ್ಕಿಂತ ಇರುವವರೇ ಒಳಗೆ ಹೋಗುತ್ತಾರೆ. ಸಮಿತಿಯಲ್ಲಿ ಬಡಾವಣೆಯ ಇಬ್ಬರು, ಅಲ್ಲಿ ಇರುವವರಲ್ಲಿ ಇಬ್ಬರು, ಹತ್ತಿರದ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆ, ಠಾಣೆಯಿಂದ ಒಬ್ಬರು ಕೂರಲಿ. ತಿಂಗಳಿಗೊಮ್ಮೆ ಜಗಳ ಆಡಲಿ. ಜಗಳ ಆಡಲು ಒಂದು ಮೇಜು ಇರುವುದೇ ದೊಡ್ಡದು.

ಈಗ ಬೆಂಗಳೂರಿನ ಪಾಲಿಕೆ ಒಡೆದು ಐದಾಗಿದೆ. ನಮ್ಮ ವಾರ್ಡಿಗೊಂದು ತಂಗುದಾಣ ಕೇಳುವ ಅರ್ಜಿ ಯಾವ ಕಚೇರಿಗೆ ಹೋಗಬೇಕು ಎಂದು ಸಂಘದ ಕಾರ್ಯದರ್ಶಿಗಳು ವಿಚಾರಿಸಿ ಇಡಲಿ. ಅದಕ್ಕೂ ಮುಂಚೆ ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಎಣಿಸಲು ಬರುವ ಮೇಷ್ಟ್ರಿಗೆ ನಮ್ಮ ವಾರ್ಡಿನಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂದು ಗೊತ್ತಿರುವುದಿಲ್ಲ. ಪೇಪರ್ ಹಾಕುವ ಹುಡುಗರಿಗೆ, ಹಾಲಿನ ಬೂತಿನವರಿಗೆ, ಪೌರಕಾರ್ಮಿಕರಿಗೆ ಗೊತ್ತಿದೆ. ಅವರನ್ನು ಕೇಳಿ ಒಂದು ಪಟ್ಟಿ ಮಾಡೋಣ. ಹೆಸರು ಬೇಡ, ಜಾಗ ಮತ್ತು ಎಷ್ಟು ಜನ ಎಂಬುದು ಸಾಕು. ಇಲ್ಲಿ ಯಾರು ಕೈ ಜೋಡಿಸುತ್ತೀರಿ, ಈಗಲೇ ಹೇಳಿ. ಆಮೇಲೆ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.