48 ನಿಮಿಷದ ದಾರಿಗೆ ಒಂದೂಕಾಲು ಗಂಟೆ ಯಾಕೆ?

ಕೇಳುಗರೆ, ನಮಸ್ಕಾರ.

ಎರಡು ಸಣ್ಣ ವಿಮಾನ ನಿಲ್ದಾಣಗಳು, ನಡುವೆ 400 ಕಿಲೋಮೀಟರ್ ಅಂದುಕೊಳ್ಳಿ. ಹೋಗುವುದು ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಶಾಲೆಯ ಲೆಕ್ಕದಲ್ಲಿ 48 ನಿಮಿಷ ಸಾಕು. ಆದರೆ ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಅಂತ ಕಂಡರೆ ಬೆಚ್ಚಬೇಡಿ. ಮಿಕ್ಕ 27 ನಿಮಿಷವನ್ನು ಯಾರೂ ಕದ್ದಿಲ್ಲ.

ಟಿಕೆಟ್‌ನಲ್ಲಿರುವುದು ಬರೀ ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಆ ಕಡೆ ಹೋಗಿ ಮತ್ತೆ ನಿಲ್ಲುವವರೆಗಿನ ಹೊತ್ತು. ರನ್‌ವೇವರೆಗೆ ನೆಲದ ಮೇಲೆ ತೆವಳುವುದು, ಸರದಿಗೆ ಕಾಯುವುದು, ಎಲ್ಲವೂ ಅದರಲ್ಲೇ ಸೇರಿದೆ.

ಇನ್ನು ಆ 400 ಕಿಲೋಮೀಟರ್. ಅದು ಗೋಳದ ಮೇಲೆ ಎರಡು ಊರಿಗೆ ದಾರ ಬಿಗಿದು ಅಳೆದಂಥ ದೂರ. ಪೈಲಟ್‌ಗಳ ನಾಟಿಕಲ್ ಮೈಲಿಯಲ್ಲಿ ಅದೇ 216. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಆದರೆ ವಿಮಾನ ಆ ದಾರ ಹಿಡಿದು ಹೋಗುವುದಿಲ್ಲ. ಗಾಳಿಗೆ ಎದುರಾಗಿ ಏಳುವುದು, ಎದುರಾಗಿಯೇ ಇಳಿಯುವುದು ವಾಡಿಕೆ. ಹೋಗಬೇಕಾದ ಊರು ಬೆನ್ನ ಹಿಂದೆ ಇದ್ದರೆ, ಎದ್ದ ಮೇಲೆ ಸುತ್ತು ಹಾಕಲೇಬೇಕು.

ಹಾಗಾದರೆ ಜೆಟ್ ಹತ್ತಿದರೆ ಅರ್ಧ ಹೊತ್ತಿಗೆ ಮುಟ್ಟಬಹುದಲ್ವಾ? ನನಗೂ ಹಾಗೇ ಅನಿಸಿತ್ತು. ಇಲ್ಲಿ ಒಂದು ಸೊಗಸಾದ ಬಾಯಿಲೆಕ್ಕ ಇದೆ. ಇಳಿಯಬೇಕಾದ ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ ದಾರಿ ಬೇಕು. ಜೆಟ್ 36,000 ಅಡಿಗೆ ಏರಿದರೆ, ಕೆಳಗಿಳಿಯುವುದಕ್ಕೇ 108 ನಾಟಿಕಲ್ ಮೈಲಿ, ಅಂದರೆ 200 ಕಿಲೋಮೀಟರ್. ನಮ್ಮ ದಾರಿಯ ಸರಿಯಾಗಿ ಅರ್ಧ! ಏರುವುದಕ್ಕೂ ದಾರಿ ಬೇಕಲ್ಲ, ಪೂರ್ತಿ ವೇಗದಲ್ಲಿ ಓಡಲು ಉಳಿಯುವುದೆಷ್ಟು? ಅದಕ್ಕೇ ಸಣ್ಣ ದಾರಿಯಲ್ಲಿ ಜೆಟ್ ಕೂಡ ಅಷ್ಟು ಮೇಲೆ ಹೋಗುವುದಿಲ್ಲ. ಸಾಲದ್ದಕ್ಕೆ, ಅನೇಕ ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ ಗಂಟೆಗೆ 250 ನಾಟಿಕಲ್ ಮೈಲಿ ಮೀರುವಂತಿಲ್ಲ. ಎಷ್ಟೇ ದೊಡ್ಡ ಎಂಜಿನ್ ಇದ್ದರೂ ಅಲ್ಲಿ ತಾಳ್ಮೆಯೇ ಗತಿ. ಹೀಗಾಗಿ ಜೆಟ್‌ನಿಂದ ಕೆಲವು ನಿಮಿಷ ಉಳಿಯುತ್ತದೆ, ಅರ್ಧ ಹೊತ್ತಲ್ಲ.

ಗಾಳಿಯದು ಬೇರೆಯೇ ಕಥೆ. ಹೋಗುವಾಗ ಎದುರು ಗಾಳಿ, ಬರುವಾಗ ಹಿಂದಿನಿಂದ ಗಾಳಿ. ಸರಿಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಗಾಳಿ ಗಂಟೆಗೆ 100 ಕಿಲೋಮೀಟರ್ ಇದೆ ಅನ್ನಿ. ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 400, ಹಿಡಿಯುವುದು 60 ನಿಮಿಷ. ಬರುವಾಗ ವೇಗ 600, ಹಿಡಿಯುವುದು 40. ಒಟ್ಟು 100 ನಿಮಿಷ. ಗಾಳಿಯೇ ಇಲ್ಲದಿದ್ದರೆ 96! ಎದುರು ಗಾಳಿ ನಮ್ಮನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಅನುಕೂಲದ ಗಾಳಿ ಬೇಗ ದಡ ಮುಟ್ಟಿಸಿ ಬಿಟ್ಟುಬಿಡುತ್ತದೆ. ಅದಕ್ಕೇ ನಷ್ಟ ಪೂರ್ತಿ ತುಂಬುವುದಿಲ್ಲ.

ಇದೆಲ್ಲದರ ತುತ್ತತುದಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇಗೆ ಬರೀ 2.7 ಕಿಲೋಮೀಟರ್. 1967ರಿಂದ ಅಲ್ಲಿ ವಿಮಾನ ಓಡಾಡುತ್ತಿದೆ. ವೇಳಾಪಟ್ಟಿಯಲ್ಲಿ 2 ನಿಮಿಷ. ಒಮ್ಮೆ 53 ಸೆಕೆಂಡಿನಲ್ಲೇ ಮುಟ್ಟಿದ್ದೂ ಉಂಟು. ಅಲ್ಲಿ ಮೇಲೇರಿ ಒಂದೇ ಮಟ್ಟದಲ್ಲಿ ಹಾರುವುದು ಅನ್ನುವುದೇ ಇಲ್ಲ. ಎದ್ದಿತು ಅನ್ನುವಷ್ಟರಲ್ಲಿ ಇಳಿದಿರುತ್ತದೆ.

ನಮಸ್ಕಾರ.